ರೋಜುನಾಮೆಯಲ್ಲಿ ಉಳಿದ ಹುಡುಗಿ: ಆನ್ ಫ್ರಾಂಕ್

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಿರುವ ನನ್ನ ಆಪಾ ಹಿರಿಯೂರಿನ ನಮ್ಮ ಮನೆಗೆ ಬಂದಿದ್ದಳು. ಒಂದು ರಾತ್ರಿ ಅವಳ ಲ್ಯಾಪ್‌ಟಾಪ್‌ನಲ್ಲಿ ಒಂದು ಆನಿಮೇಷನ್ ಸಿನಿಮಾ ಹಾಕಿದಳು. ಎಲೆ ಅಡಿಕೆ ಹಾಕಿಕೊಂಡು ಪಕ್ಕದಲ್ಲಿ ಕುಳಿತ ನಾನಿಗೆ ಇಂಗ್ಲಿಷ್ ಬಾರದು. ಹಾಗಾಗಿ ನಾನು ಮಧ್ಯೆ ಮಧ್ಯೆ ನಿಲ್ಲಿಸಿ ನಮ್ಮ ಮನೆಯ ಉರ್ದುವಿನಲ್ಲಿ ಕಥೆ ಹೇಳುತ್ತಿದ್ದೆ. ಅರ್ಧಕ್ಕೇ ನಾನಿ ಮಲಗಿಬಿಟ್ಟರು. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ, ಆ ಹುಡುಗಿ ಕೊನೆಗೆ ಉಳಿದಳೋ ಇಲ್ಲವೋ ಎಂದು ಕೇಳಿದರು. ಇಲ್ಲ, ತೀರಿಕೊಂಡಳು ಎಂದೆ. ಹೇಗೆ, ಎಲ್ಲಿ, ಜೊತೆಯಲ್ಲಿ ಯಾರಿದ್ದರು ಎಂದು ಮತ್ತೆ ಕೇಳಿದರು. ಸಿನಿಮಾ ಪೂರ್ತಿ ನೋಡಿದ್ದ ನನಗೆ ಉತ್ತರ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆಮೇಲೆ ಅವಳ ಡೈರಿಯನ್ನೂ ಅವಳ ಬಗ್ಗೆ ಬಂದಿರುವ ಬರಹಗಳನ್ನೂ ಹುಡುಕಿ ಓದಿದೆ. ನಾನಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ನಮ್ಮ ಅಕೌಂಟೆನ್ಸಿಯಲ್ಲಿ ಜರ್ನಲ್‌ಗೆ ಕನ್ನಡದಲ್ಲಿ ರೋಜುನಾಮೆ ಎಂಬ ಹೆಸರಿದೆ. ನಮ್ಮ ಮನೆಯ ಉರ್ದುವಿನಲ್ಲಿ ಡೈರಿಗೆ ರೋಜ್‌ನಾಮ್ಚಾ ಎನ್ನುತ್ತೇವೆ. ಎರಡರ ಬೇರೂ ಒಂದೇ: ರೋಜ್ ಎಂದರೆ ದಿನ. ವ್ಯವಹಾರ ನಡೆದ ದಿನವೇ, ನಡೆದ ಕ್ರಮದಲ್ಲೇ ಮೊದಲು ಬರೆಯುವ ಪುಸ್ತಕ ಅದು. ಖಾತೆಗಳು, ತಾಳೆಪಟ್ಟಿ, ಅಢಾವೆ ಪತ್ರಿಕೆ ಎಲ್ಲ ಆಮೇಲೆ ಬರುತ್ತವೆ. ಅವುಗಳಲ್ಲಿ ಅನುಮಾನ ಬಂದರೆ ವಾಪಸ್ ಹೋಗಿ ನೋಡಬೇಕಾದದ್ದು ರೋಜುನಾಮೆಯನ್ನೇ. ಆನ್ ಫ್ರಾಂಕ್‌ಳ ಜೀವನ ಓದುವಾಗ ಈ ಪಾಠ ಮತ್ತೆ ಮತ್ತೆ ನೆನಪಾಯಿತು.

ಫ್ರಾಂಕ್‌ಫರ್ಟ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ

ಆನ್ ಹುಟ್ಟಿದ್ದು 1929ರ ಜೂನ್ 12ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ. ತಂದೆ ಆಟೋ ಫ್ರಾಂಕ್, ತಾಯಿ ಎಡಿತ್, ಮೂರು ವರ್ಷ ದೊಡ್ಡವಳಾದ ಅಕ್ಕ ಮಾರ್ಗಟ್. ಅವರದು ಯಹೂದಿ ಕುಟುಂಬ. ಮೊದಲ ಮಹಾಯುದ್ಧದಲ್ಲಿ ಆಟೋ ಜರ್ಮನಿಯ ಸೇನೆಯಲ್ಲೇ ಅಧಿಕಾರಿಯಾಗಿ ಹೋರಾಡಿದ್ದರು. ಆದರೆ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಆ ಸೇವೆ ಯಾವ ಲೆಕ್ಕಕ್ಕೂ ಬರಲಿಲ್ಲ. ಯಹೂದಿಗಳು ದೇಶದ ಶತ್ರುಗಳು ಎಂಬ ಮಾತು ಸರ್ಕಾರದ ಮಾತೇ ಆಯಿತು.

ಆಟೋ ದೂರ ಯೋಚಿಸುವ ಮನುಷ್ಯ. ಅದೇ ವರ್ಷ ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಒಪೆಕ್ಟಾ ಎಂಬ ವ್ಯಾಪಾರ ಶುರು ಮಾಡಿದರು. ಜಾಮ್ ಗಟ್ಟಿಯಾಗಲು ಹಾಕುವ ಪೆಕ್ಟಿನ್ ಎಂಬ ಪದಾರ್ಥದ ಮಾರಾಟ ಅದು. ಹಣ್ಣು ಸಿಗುವ ಕಾಲದಲ್ಲಿ ಮಾತ್ರ ನಡೆಯುವ ವ್ಯಾಪಾರವಾದ್ದರಿಂದ 1938ರಲ್ಲಿ ಪೆಕ್ಟಕಾನ್ ಎಂಬ ಎರಡನೇ ಕಂಪನಿ ತೆರೆದು ಮಸಾಲೆ ಪದಾರ್ಥಗಳ ವ್ಯವಹಾರಕ್ಕೂ ಇಳಿದರು. ಅದಕ್ಕೆ ಮಸಾಲೆಯ ವಿಷಯ ಚೆನ್ನಾಗಿ ಬಲ್ಲ ಹರ್ಮನ್ ವಾನ್ ಪೆಲ್ಸ್ ಎಂಬುವರು ಜೊತೆಯಾದರು. ಅವರೂ ಜರ್ಮನಿ ಬಿಟ್ಟು ಬಂದ ಯಹೂದಿ. ನಮ್ಮ ಅಬ್ಬಾರ ಅಂಗಡಿಯಲ್ಲೂ ಮೆಣಸು, ದನಿಯಾ, ಜೀರಿಗೆಯ ವಾಸನೆಯ ನಡುವೆಯೇ ನಾನು ಉದ್ರಿ ಲೆಕ್ಕ ಬರೆಯುವುದು. ಹಾಗಾಗಿ ಈ ಭಾಗ ಓದುವಾಗ ಆ ಮನೆ ನನಗೆ ತೀರ ದೂರದ್ದು ಅನ್ನಿಸಲಿಲ್ಲ.

ಆನ್ 1934ರ ಫೆಬ್ರವರಿಯಲ್ಲಿ, ಐದು ವರ್ಷವೂ ತುಂಬುವ ಮೊದಲೇ ಆಮ್‌ಸ್ಟರ್‌ಡ್ಯಾಮ್‌ಗೆ ಬಂದಳು. ಮಾಂಟೆಸರಿ ಶಾಲೆಗೆ ಸೇರಿ ಬೇಗನೆ ಡಚ್ ಭಾಷೆ ಕಲಿತಳು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ. ನಮ್ಮ ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇದು ಹೇಗಿರುತ್ತದೆ ಎಂದು ವಿವರಿಸಬೇಕಾಗಿಲ್ಲ. ಮುಂದೆ ಅವಳು ಡೈರಿ ಬರೆದದ್ದು ಮನೆಯ ಜರ್ಮನ್‌ನಲ್ಲಿ ಅಲ್ಲ, ಶಾಲೆಯ ಡಚ್‌ನಲ್ಲಿ. ಆನ್ ವಾಚಾಳಿ, ತರಗತಿಯಲ್ಲಿ ಮಾತಾಡಿ ಬೈಸಿಕೊಳ್ಳುವವಳು, ಸಿನಿಮಾ ಹುಚ್ಚಿನವಳು. ನಟ ನಟಿಯರ ಚಿತ್ರಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಳು.

ಒಂದೊಂದಾಗಿ ಮುಚ್ಚಿದ ಬಾಗಿಲುಗಳು

1940ರ ಮೇ 10ರಂದು ಜರ್ಮನ್ ಸೇನೆ ನೆದರ್‌ಲ್ಯಾಂಡ್ಸ್ ಮೇಲೆ ದಾಳಿ ಮಾಡಿತು. ಐದೇ ದಿನದಲ್ಲಿ ದೇಶ ಶರಣಾಯಿತು. ಓಡಿಬಂದ ಕುಟುಂಬದ ಹಿಂದೆಯೇ ಆಪತ್ತೂ ಬಂದಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಎಲ್ಲವೂ ಒಂದೇ ದಿನ ನಡೆಯಲಿಲ್ಲ, ಆದೇಶಗಳು ಒಂದೊಂದಾಗಿ ಬಂದವು. ಮೊದಲು ಯಹೂದಿಗಳು ತಮ್ಮ ವ್ಯಾಪಾರವನ್ನು ನೋಂದಾಯಿಸಬೇಕೆಂದರು. 1941ರ ಆರಂಭದಲ್ಲಿ ಸಿನಿಮಾ ಮಂದಿರಗಳ ಬಾಗಿಲು ಮುಚ್ಚಿತು. ಅದೇ ವರ್ಷ ಯಹೂದಿ ಮಕ್ಕಳು ಬೇರೆ ಶಾಲೆಗೆ ಹೋಗಬೇಕಾಯಿತು. 1942ರ ಮೇ ತಿಂಗಳಿಂದ ಆರು ವರ್ಷ ಮೇಲ್ಪಟ್ಟ ಎಲ್ಲರೂ ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಸೈಕಲ್ ಒಪ್ಪಿಸಬೇಕು, ಟ್ರಾಮ್ ಹತ್ತಬಾರದು, ರಾತ್ರಿ ಎಂಟರ ಮೇಲೆ ಹೊರಗೆ ಇರಬಾರದು. ಒಂದೊಂದನ್ನೇ ನೋಡಿದರೆ ಹೇಗೋ ಸಹಿಸಬಹುದು ಎನಿಸುತ್ತದೆ. ಎಲ್ಲವನ್ನೂ ಕೂಡಿದರೆ ಒಬ್ಬ ಮನುಷ್ಯನಿಗೆ ಉಳಿಯುವ ಜಾಗ ಸೊನ್ನೆ.

ಆಟೋ ಏನು ಮಾಡಿದರು? ಕಂಪನಿ ಜಪ್ತಿಯಾಗಬಾರದೆಂದು ತಮ್ಮ ಅಧಿಕಾರವನ್ನು ನಂಬಿಕೆಯ ಸಹೋದ್ಯೋಗಿಗಳ ಹೆಸರಿಗೆ ಮಾಡಿದರು. ಮಸಾಲೆ ವ್ಯಾಪಾರ ಗೀಸ್ ಅಂಡ್ ಕೋ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಬೇನಾಮಿ ಎಂದರೆ ಅಪರಾಧ ಎಂದಷ್ಟೇ ನಾವು ಕಲಿತಿದ್ದೇವೆ. ಕಾನೂನೇ ಅನ್ಯಾಯದ ಕೈಗೆ ಹೋದಾಗ ಬೇರೆಯವರ ಹೆಸರೇ ಜೀವ ಉಳಿಸುವ ದಾರಿಯಾಗುತ್ತದೆ ಎಂದು ನಾನು ಇಲ್ಲಿ ಕಲಿತೆ.

1942ರ ಜೂನ್ 12, ಆನ್‌ಳ ಹದಿಮೂರನೇ ಹುಟ್ಟುಹಬ್ಬ. ಸಿಕ್ಕ ಉಡುಗೊರೆಗಳಲ್ಲಿ ಕೆಂಪು ಬಿಳಿ ಚೌಕಳಿಯ ಒಂದು ಪುಸ್ತಕವೂ ಇತ್ತು. ಅದು ನಿಜವಾಗಿ ಹಸ್ತಾಕ್ಷರ ಹಾಕಿಸಿಕೊಳ್ಳುವ ಆಲ್ಬಮ್. ಆನ್ ಅದನ್ನೇ ಡೈರಿ ಮಾಡಿಕೊಂಡಳು. ಸಿನಿಮಾ ಮಂದಿರಕ್ಕೆ ಹೋಗುವಂತಿರಲಿಲ್ಲವಾದ್ದರಿಂದ ಆ ವಾರದ ಹುಟ್ಟುಹಬ್ಬದ ಪಾರ್ಟಿಗೆ ಮನೆಯಲ್ಲೇ ರಿನ್ ಟಿನ್ ಟಿನ್ ಎಂಬ ನಾಯಿಯ ಸಿನಿಮಾ ತೋರಿಸಿದರು. ಮೂರು ವಾರ ಕಳೆದು, ಜುಲೈ 5ರಂದು, ಹದಿನಾರು ವರ್ಷದ ಮಾರ್ಗಟ್‌ಗೆ ಜರ್ಮನಿಯ ಕೆಲಸದ ಶಿಬಿರಕ್ಕೆ ಹೊರಡಬೇಕೆಂಬ ನೋಟಿಸ್ ಬಂತು. ಮರುದಿನ ಬೆಳಿಗ್ಗೆಯೇ ಕುಟುಂಬ ಮನೆ ಬಿಟ್ಟಿತು.

ಕಪಾಟಿನ ಹಿಂದಿನ ಮನೆ

ಅವರು ಅಡಗಿದ್ದು ಆಟೋ ಅವರ ಕಚೇರಿಯಲ್ಲೇ, ಪ್ರಿನ್ಸನ್‌ಗ್ರಾಕ್ಟ್ ಕಾಲುವೆಯ ದಡದ 263ನೇ ಸಂಖ್ಯೆಯ ಕಟ್ಟಡದಲ್ಲಿ. ಮುಂದಿನ ಭಾಗದಲ್ಲಿ ಗೋದಾಮು, ಮಸಾಲೆ ಪುಡಿ ಮಾಡುವ ಯಂತ್ರಗಳು, ಮೇಲೆ ಕಚೇರಿ. ಹಿಂಭಾಗದಲ್ಲಿ ಬೀದಿಗೆ ಕಾಣದ ಕೆಲವು ಕೋಣೆಗಳು. ಅದರ ಬಾಗಿಲಿಗೆ ಅಡ್ಡವಾಗಿ ಕಡತಗಳನ್ನು ಜೋಡಿಸಿದ, ತಿರುಗಿಸಿ ತೆರೆಯಬಹುದಾದ ಒಂದು ಕಪಾಟು ಮಾಡಿದರು. ಫ್ರಾಂಕ್ ಕುಟುಂಬದ ನಾಲ್ವರು, ಹರ್ಮನ್ ವಾನ್ ಪೆಲ್ಸ್, ಅವರ ಹೆಂಡತಿ ಆಗಸ್ಟೆ, ಮಗ ಪೀಟರ್, ಆಮೇಲೆ ನವೆಂಬರ್‌ನಲ್ಲಿ ಬಂದ ಹಲ್ಲಿನ ಡಾಕ್ಟರ್ ಫ್ರಿಟ್ಸ್ ಫೆಫರ್. ಒಟ್ಟು ಎಂಟು ಜನ.

ಹೊರಗಿನಿಂದ ಇವರನ್ನು ಕಾಪಾಡಿದವರು ಕಚೇರಿಯ ನೌಕರರು: ಮೀಪ್ ಗೀಸ್, ಬೆಪ್ ವೊಸ್ಕೌಲ್, ಯೊಹಾನಸ್ ಕ್ಲೈಮನ್, ವಿಕ್ಟರ್ ಕೂಗ್ಲರ್. ಮೀಪ್ ಅವರ ಗಂಡ ಯಾನ್ ಗೀಸ್ ಮತ್ತು ಬೆಪ್ ಅವರ ತಂದೆಯೂ ಜೊತೆಗಿದ್ದರು. ಆ ಕಪಾಟು ಮಾಡಿದ್ದು ಬೆಪ್ ಅವರ ತಂದೆಯೇ. ಎಂಟು ಜನರಿಗೆ ಪಡಿತರ ಚೀಟಿ ಹೊಂದಿಸಬೇಕು, ತರಕಾರಿ ತರಬೇಕು, ಯಾರಿಗೂ ಅನುಮಾನ ಬರಬಾರದು. ಅವರ ಖರ್ಚಿಗಾಗಿ ಕೂಗ್ಲರ್ ಒಂದಿಷ್ಟು ಮಸಾಲೆಯನ್ನು ಲೆಕ್ಕಕ್ಕೆ ಬರೆಯದೆ ಮಾರುತ್ತಿದ್ದರು. ಸಿಕ್ಕಿಬಿದ್ದರೆ ತಮಗೂ ಸೆರೆಶಿಬಿರವೇ ಗತಿ ಎಂದು ಇವರೆಲ್ಲರಿಗೂ ಗೊತ್ತಿತ್ತು.

ಒಳಗಿನ ಜೀವನ ಹೇಗಿತ್ತು? ಕೆಳಗಿನ ಗೋದಾಮಿನ ಕೆಲಸಗಾರರಿಗೆ ವಿಷಯ ತಿಳಿಯಬಾರದಾದ್ದರಿಂದ ಹಗಲು ನಲ್ಲಿ ತಿರುಗಿಸುವಂತಿಲ್ಲ, ಶೌಚಾಲಯಕ್ಕೆ ನೀರು ಬಿಡುವಂತಿಲ್ಲ, ಬೂಟು ಹಾಕಿ ನಡೆಯುವಂತಿಲ್ಲ, ಕಿಟಕಿಯ ಪರದೆ ಸರಿಸುವಂತಿಲ್ಲ. ಅಟ್ಟದ ಕಿಟಕಿಯಿಂದ ಕಾಣುವ ಒಂದು ಚೆಸ್ಟ್‌ನಟ್ ಮರ ಮತ್ತು ಒಂದು ತುಂಡು ಆಕಾಶ, ಇಷ್ಟೇ ಅವಳ ಹೊರಜಗತ್ತು. ಆದರೂ ಓದು ನಿಲ್ಲಲಿಲ್ಲ. ಮಾರ್ಗಟ್ ಬೆಪ್ ಅವರ ಹೆಸರಿನಲ್ಲಿ ಅಂಚೆಯ ಮೂಲಕ ಶಾರ್ಟ್‌ಹ್ಯಾಂಡ್ ಪಾಠ ತರಿಸಿದಳು, ಆನ್ ಕೂಡ ಕಲಿತಳು. ಇತಿಹಾಸ ಮತ್ತು ಗ್ರೀಕ್ ಪುರಾಣ ಅವಳಿಗೆ ಬಹಳ ಇಷ್ಟ. ಗಣಿತ ಆಗುತ್ತಿರಲಿಲ್ಲ! ಕೂಗ್ಲರ್ ಪ್ರತಿ ಸೋಮವಾರ ಸಿನಿಮಾ ಪತ್ರಿಕೆ ತಂದುಕೊಡುತ್ತಿದ್ದರು. ಕೋಣೆಯ ಗೋಡೆಗೆ ನಟಿಯರ ಚಿತ್ರಗಳನ್ನು ಅಂಟಿಸಿದಳು. ಅವು ಇಂದಿಗೂ ಆ ಗೋಡೆಯ ಮೇಲಿವೆ.

ಇಷ್ಟು ಓದಿ ಅವಳು ಬಲು ಸಾಧು ಹುಡುಗಿ ಎಂದುಕೊಳ್ಳಬೇಡಿ. ಅವಳಿಗೆ ಅಮ್ಮನ ಮೇಲೆ ಸಿಟ್ಟಿತ್ತು, ಅಕ್ಕನ ಮೇಲೆ ಹೊಟ್ಟೆಕಿಚ್ಚಿತ್ತು, ಒಂದೇ ಕೋಣೆ ಹಂಚಿಕೊಂಡ ಡಾಕ್ಟರ್ ಫೆಫರ್ ಜೊತೆ ಮೇಜಿಗಾಗಿ ಜಗಳವಾಗುತ್ತಿತ್ತು. ಪೀಟರ್ ಮೇಲೆ ಸ್ವಲ್ಪ ಕಾಲ ಮನಸ್ಸಾಗಿತ್ತು. ಎಲ್ಲವನ್ನೂ ಕಿಟಿ ಎಂಬ ಕಲ್ಪನೆಯ ಗೆಳತಿಗೆ ಪತ್ರದ ರೂಪದಲ್ಲಿ ಬರೆದಳು. ತನ್ನ ತಪ್ಪುಗಳನ್ನೂ ಬರೆದಳು. ನನಗೆ ಹೆಚ್ಚು ನಂಬಿಕೆ ಬಂದದ್ದು ಅದರಿಂದಲೇ. ಖರ್ಚಿನ ಕಡೆ ಏನನ್ನೂ ಬರೆಯದ ಲೆಕ್ಕವನ್ನು ಯಾರು ನಂಬುತ್ತಾರೆ?

ನಗದು ಪುಸ್ತಕದಲ್ಲಿ ಕಥೆಗಳು

ಆಲ್ಬಮ್ ಕೆಲವೇ ತಿಂಗಳಲ್ಲಿ ತುಂಬಿಹೋಯಿತು. ಯುದ್ಧಕಾಲದಲ್ಲಿ ಕಾಗದಕ್ಕೂ ಬರ. ಮುಂದೆ ಅವಳು ಬರೆದದ್ದು ಕಚೇರಿಯಿಂದ ಬಂದ ನೋಟ್‌ಬುಕ್‌ಗಳಲ್ಲಿ. ಡೈರಿಯಲ್ಲದೆ ಬರೆದ ಸಣ್ಣ ಕಥೆಗಳಿಗಾಗಿ ಅವಳಿಗೆ ಸಿಕ್ಕಿದ್ದು ಒಂದು ನಗದು ಪುಸ್ತಕ. ನಾವು ಜಮಾ ಖರ್ಚು ಬರೆಯುವಂಥದ್ದೇ! ಹಣದ ಮೊತ್ತ ಇರಬೇಕಾದ ಪುಟಗಳಲ್ಲಿ ಅವಳು ಕಥೆಗಳನ್ನು ನೀಟಾಗಿ ನಕಲು ಮಾಡಿದಳು. ಅವಳ ಕಥೆಗಳಲ್ಲಿ ಒಂದು, ಚಿತ್ರತಾರೆಯರ ಮನೆಗೆ ಅತಿಥಿಯಾಗಿ ಹೋಗಿ ಆ ಬದುಕಿನ ದಣಿವು ನೋಡಿ ತಾರೆಯಾಗುವ ಆಸೆ ಬಿಡುವ ಹುಡುಗಿಯದು.

1944ರ ಮಾರ್ಚ್ 28ರಂದು ರೇಡಿಯೋದಲ್ಲಿ ಒಂದು ಭಾಷಣ ಬಂತು. ಲಂಡನ್‌ನಲ್ಲಿದ್ದ ಡಚ್ ಸರ್ಕಾರದ ಸಚಿವ ಬೋಲ್ಕೆಸ್ಟೈನ್, ಯುದ್ಧ ಮುಗಿದ ಮೇಲೆ ಸಾಮಾನ್ಯ ಜನರ ಪತ್ರ ಮತ್ತು ದಿನಚರಿಗಳನ್ನು ಸಂಗ್ರಹಿಸಬೇಕಾಗಿದೆ, ಅವನ್ನು ಜೋಪಾನ ಮಾಡಿ ಎಂದು ಕೇಳಿಕೊಂಡರು. ಅಡಗಿದ್ದ ಎಲ್ಲರೂ ಆನ್ ಕಡೆ ನೋಡಿದರು. ಮೇ 20ರಿಂದ ಅವಳು ತನ್ನ ಡೈರಿಯನ್ನು ಪುಸ್ತಕವಾಗುವಂತೆ ಹೊಸದಾಗಿ ಬರೆಯಲು ಕುಳಿತಳು, ಬಿಡಿ ಹಾಳೆಗಳ ಮೇಲೆ. ಬೇಡದ್ದನ್ನು ತೆಗೆದಳು, ಮರೆತದ್ದನ್ನು ಸೇರಿಸಿದಳು, ನಿಜವಾದ ಹೆಸರುಗಳ ಬದಲಿಗೆ ಬೇರೆ ಹೆಸರುಗಳನ್ನು ಯೋಚಿಸಿದಳು. ಪುಸ್ತಕಕ್ಕೆ ಹೆಸರನ್ನೂ ಇಟ್ಟಳು: ಹೆಟ್ ಆಖ್ಟರ್‌ಹೌಸ್, ಅಂದರೆ ಹಿಂಬದಿಯ ಮನೆ. ಸುಮಾರು ಹತ್ತು ವಾರಗಳಲ್ಲಿ ಇನ್ನೂರಕ್ಕೂ ಹೆಚ್ಚು ಹಾಳೆ ಬರೆದಳು.

ಈ ಸಂಗತಿ ನನಗೆ ಮೊದಲು ಗೊತ್ತಿರಲಿಲ್ಲ. ಡೈರಿ ಅಕಸ್ಮಾತ್ತಾಗಿ ಪುಸ್ತಕವಾಯಿತು ಎಂದುಕೊಂಡಿದ್ದೆ. ಅಲ್ಲ. ಹದಿನಾಲ್ಕು ಹದಿನೈದರ ಹುಡುಗಿ ಬರಹಗಾರ್ತಿಯಾಗಬೇಕೆಂದು ನಿಶ್ಚಯಿಸಿ, ತನ್ನ ಬರಹವನ್ನು ತಾನೇ ತಿದ್ದುತ್ತಿದ್ದಳು.

ಆಗಸ್ಟ್ 4 ಮತ್ತು ಅದರಾಚೆ

ಡೈರಿಯ ಕೊನೆಯ ಪತ್ರದ ದಿನಾಂಕ 1944ರ ಆಗಸ್ಟ್ 1. ಆಗಸ್ಟ್ 4ರ ಬೆಳಿಗ್ಗೆ ಪೊಲೀಸರು ಬಂದರು. ಯಾರು ಸುಳಿವು ಕೊಟ್ಟರು ಎಂಬುದು ಇಂದಿಗೂ ಸಾಬೀತಾಗಿಲ್ಲ. ಎಂಟು ಜನರ ಜೊತೆ ಕೂಗ್ಲರ್ ಮತ್ತು ಕ್ಲೈಮನ್ ಅವರನ್ನೂ ಹಿಡಿದೊಯ್ದರು. 761 ದಿನಗಳ ಅಡಗುವಿಕೆ ಅಲ್ಲಿಗೆ ಮುಗಿಯಿತು. ನೆಲದ ಮೇಲೆ ಚೆಲ್ಲಿದ್ದ ಹಾಳೆಗಳನ್ನು ಮೀಪ್ ಮತ್ತು ಬೆಪ್ ಆರಿಸಿ ತಂದರು. ಮೀಪ್ ಅವನ್ನು ಓದದೆ ಮೇಜಿನ ಡ್ರಾಯರ್‌ನಲ್ಲಿಟ್ಟರು, ಆನ್ ಬಂದಾಗ ಕೊಡಬೇಕೆಂದು.

ನಾನಿ ಕೇಳಿದ ಪ್ರಶ್ನೆಯ ಉತ್ತರ ಇಲ್ಲಿಂದ ಶುರು. ಇದನ್ನು ಆನ್ ಬರೆಯಲಿಲ್ಲ. ಬದುಕಿ ಬಂದವರ ನೆನಪು ಮತ್ತು ಕಚೇರಿ ದಾಖಲೆಗಳಿಂದ ತಿಳಿದದ್ದು. ಎಂಟು ಜನರನ್ನೂ ವೆಸ್ಟರ್‌ಬೋರ್ಕ್ ಎಂಬ ಶಿಬಿರಕ್ಕೆ ಕಳಿಸಿದರು. ಅಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆದು ಬಿಡಿಸುವ ಕೆಲಸ. ಸೆಪ್ಟೆಂಬರ್ 3ರಂದು ಸಾವಿರಕ್ಕೂ ಹೆಚ್ಚು ಜನರನ್ನು ತುಂಬಿದ ರೈಲು ಪೋಲೆಂಡಿನ ಔಶ್ವಿಟ್ಸ್‌ಗೆ ಹೊರಟಿತು. ವೆಸ್ಟರ್‌ಬೋರ್ಕ್‌ನಿಂದ ಔಶ್ವಿಟ್ಸ್‌ಗೆ ಹೊರಟ ಕೊನೆಯ ರೈಲು ಅದೇ. ಇಳಿದ ಕೂಡಲೇ ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿದರು. ಆಟೋ ತಮ್ಮ ಹೆಂಡತಿ ಮಕ್ಕಳನ್ನು ಮತ್ತೆ ನೋಡಲಿಲ್ಲ.

ನಮ್ಮ ನಾಡಿನ ಇನ್ನೊಬ್ಬಳ ನೆನಪನ್ನೂ ಇಲ್ಲಿ ಮಾಡಬೇಕು. ಟಿಪ್ಪು ಸುಲ್ತಾನರ ವಂಶದ ನೂರ್ ಇನಾಯತ್ ಖಾನ್, ಜಾತಕ ಕಥೆಗಳನ್ನು ಮಕ್ಕಳಿಗಾಗಿ ಹೇಳಿ 1939ರಲ್ಲಿ ಪುಸ್ತಕ ತಂದವರು. ಯುದ್ಧದಲ್ಲಿ ಪ್ಯಾರಿಸ್‌ನಿಂದ ಗುಪ್ತವಾಗಿ ರೇಡಿಯೋ ಸಂದೇಶ ಕಳಿಸುವ ಕೆಲಸ ಮಾಡಿ ಸಿಕ್ಕಿಬಿದ್ದರು. ಆನ್‌ಳ ರೈಲು ಹೊರಟ ಹತ್ತೇ ದಿನಕ್ಕೆ, ಸೆಪ್ಟೆಂಬರ್ 13ರಂದು, ಜರ್ಮನಿಯ ಡಾಹೌ ಶಿಬಿರದಲ್ಲಿ ನೂರ್ ಅವರನ್ನು ಕೊಂದರು. ಇಬ್ಬರ ಧರ್ಮ ಬೇರೆ, ಊರು ಬೇರೆ, ಕೊಂದ ಕೈ ಒಂದೇ.

ಆ ವರ್ಷದ ಚಳಿಗಾಲ ಶುರುವಾಗುವಾಗ ಆನ್ ಮತ್ತು ಮಾರ್ಗಟ್‌ರನ್ನು ಜರ್ಮನಿಯ ಬರ್ಗನ್ ಬೆಲ್ಸನ್ ಶಿಬಿರಕ್ಕೆ ಸಾಗಿಸಿದರು. ತಾಯಿ ಎಡಿತ್ ಔಶ್ವಿಟ್ಸ್‌ನಲ್ಲೇ ಉಳಿದು 1945ರ ಜನವರಿ 6ರಂದು ತೀರಿಕೊಂಡರು. ಬೆಲ್ಸನ್‌ನಲ್ಲಿ ಊಟವಿಲ್ಲ, ಹೊದಿಕೆಯಿಲ್ಲ, ಹೇನುಗಳಿಂದ ಹರಡುವ ಟೈಫಸ್ ಜ್ವರ. 1945ರ ಆರಂಭದ ಆ ತಿಂಗಳುಗಳಲ್ಲಿ ಮೊದಲು ಅಕ್ಕ, ಆಮೇಲೆ ತಂಗಿ ಸತ್ತರು. ಕೊನೆಯವರೆಗೂ ಇಬ್ಬರೂ ಜೊತೆಗಿದ್ದರು. ಆನ್‌ಗೆ ಆಗ ಹದಿನೈದು ವರ್ಷ. ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಆ ಶಿಬಿರವನ್ನು ಬಿಡಿಸಿತು. ಎಂಟು ಜನರಲ್ಲಿ ಜೀವಂತ ಉಳಿದದ್ದು ಆಟೋ ಫ್ರಾಂಕ್ ಒಬ್ಬರೇ. ನೆದರ್‌ಲ್ಯಾಂಡ್ಸ್‌ನಿಂದ ಶಿಬಿರಗಳಿಗೆ ಸಾಗಿಸಿದ ಸುಮಾರು 1,07,000 ಯಹೂದಿಗಳಲ್ಲಿ ಬದುಕಿ ಬಂದವರು ಸುಮಾರು 5,000.

ತಂದೆಯ ಕೈಗೆ ಬಂದ ಹಾಳೆಗಳು

1945ರ ಜೂನ್‌ನಲ್ಲಿ ಆಟೋ ಆಮ್‌ಸ್ಟರ್‌ಡ್ಯಾಮ್‌ಗೆ ಮರಳಿದರು. ಜುಲೈನಲ್ಲಿ ಮಕ್ಕಳಿಬ್ಬರ ಸಾವಿನ ಸುದ್ದಿ ಖಚಿತವಾಯಿತು. ಆಗ ಮೀಪ್ ಡ್ರಾಯರ್ ತೆಗೆದು ಎಲ್ಲ ಹಾಳೆಗಳನ್ನೂ ಅವರ ಕೈಗಿತ್ತರು. ಓದಿದ ತಂದೆಗೆ ತನ್ನ ಮಗಳ ಒಳಮನಸ್ಸು ತನಗೆ ಗೊತ್ತೇ ಇರಲಿಲ್ಲ ಅನ್ನಿಸಿತು. ಅವಳ ಮೊದಲ ಬರಹ ಮತ್ತು ತಿದ್ದಿದ ಬರಹ ಎರಡನ್ನೂ ಸೇರಿಸಿ ಒಂದು ಪ್ರತಿ ತಯಾರಿಸಿದರು. ಮೂಲ ನೋಟ್‌ಬುಕ್‌ಗಳಲ್ಲಿ ಒಂದು ವರ್ಷದಷ್ಟು ಭಾಗ ಕಳೆದುಹೋಗಿತ್ತು. ಅಷ್ಟು ದಿನದ ಬದುಕು ನಮಗೆ ಸಿಕ್ಕಿರುವುದು ಅವಳು ಬಿಡಿ ಹಾಳೆಗಳ ಮೇಲೆ ಮತ್ತೆ ಬರೆದಿಟ್ಟದ್ದರಿಂದ ಮಾತ್ರ.

1947ರ ಜೂನ್ 25ರಂದು, ಅವಳೇ ಇಟ್ಟ ಹೆಸರಿನಲ್ಲಿ ಪುಸ್ತಕ ಹೊರಬಂತು. ಮೊದಲ ಮುದ್ರಣ ಮೂರು ಸಾವಿರಕ್ಕೆ ಸ್ವಲ್ಪ ಹೆಚ್ಚು ಪ್ರತಿಗಳು. ತಾಯಿಯ ಬಗ್ಗೆ ಬರೆದ ಕಟುವಾದ ಮಾತುಗಳನ್ನು, ಹೆಣ್ಣುಮಗಳೊಬ್ಬಳು ತನ್ನ ದೇಹದ ಬಗ್ಗೆ ಬರೆದ ಕೆಲವು ಭಾಗಗಳನ್ನು ಆಗ ಬಿಡಲಾಗಿತ್ತು. ಮುಂದೆ 1986ರಲ್ಲಿ ಎಲ್ಲ ರೂಪಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟ ಆವೃತ್ತಿ ಬಂತು. ಇಂದು ಆ ಡೈರಿ 70ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಅಡಗಿದ್ದ ಮನೆ 1960ರಿಂದ ಮ್ಯೂಸಿಯಂ. ಆಟೋ 1980ರಲ್ಲಿ ತೀರಿಕೊಂಡರು.

ಬರೆದ ಅಕ್ಷರ, ಓಡುವ ಚಿತ್ರ

ಸಿನಿಮಾ ಇಷ್ಟಪಟ್ಟ ಹುಡುಗಿ ಸಿನಿಮಾ ರೀಲಿನಲ್ಲಿ ಎಷ್ಟು ಹೊತ್ತು ಇದ್ದಾಳೆ ಗೊತ್ತೇ? ಕೆಲವೇ ಸೆಕೆಂಡು. 1941ರ ಜುಲೈ 22ರಂದು ಅವರ ಪಕ್ಕದ ಮನೆಯಲ್ಲಿ ಒಂದು ಮದುವೆ ಇತ್ತು. ವಧುವರರು ಹೊರಬರುವುದನ್ನು ಯಾರೋ ಚಿತ್ರೀಕರಿಸಿದಾಗ ಮಹಡಿಯ ಕಿಟಕಿಯಿಂದ ಬಗ್ಗಿ ನೋಡುವ ಹನ್ನೆರಡು ವರ್ಷದ ಆನ್ ಅದರಲ್ಲಿ ಬಿದ್ದಳು. ಅವಳು ಚಲಿಸುವ ಚಿತ್ರ ಲೋಕದಲ್ಲಿ ಅದೊಂದೇ. ಹಿಂಬದಿಯ ಮನೆಯೊಳಗೆ ಯಾವ ಕ್ಯಾಮೆರಾವೂ ಹೋಗಲಿಲ್ಲ. ಹಾಗಾಗಿ ಉಳಿದದ್ದನ್ನೆಲ್ಲ ಯಾರಾದರೂ ನಟಿಸಬೇಕು ಅಥವಾ ಬಿಡಿಸಬೇಕು.

ನಟಿಸಿದ ಸಿನಿಮಾಗಳು ಹಲವು ಬಂದವು. ಬಿಡಿಸಿದವುಗಳಲ್ಲಿ ಒಂದು ಜಪಾನಿನದು, 1995ರ ಆನ್ನೆ ನೋ ನಿಕ್ಕಿ. ಮ್ಯಾಡ್‌ಹೌಸ್ ಎಂಬ ಸ್ಟುಡಿಯೋ ತಯಾರಿಸಿದ ಇದರ ನಿರ್ದೇಶಕರು ಅಕಿನೋರಿ ನಾಗಾವೊಕಾ, ಸಂಗೀತ ಮೈಕೇಲ್ ನೈಮನ್ ಅವರದು. ನಾವು ಮನೆಯಲ್ಲಿ ನೋಡಿದ್ದು 2021ರ ವೇರ್ ಈಸ್ ಆನ್ ಫ್ರಾಂಕ್. ಅದರ ನಿರ್ದೇಶಕ ಆರಿ ಫೋಲ್ಮನ್ ಅವರ ತಂದೆ ತಾಯಿ ಔಶ್ವಿಟ್ಸ್‌ನಿಂದ ಬದುಕಿ ಬಂದವರು. ಈ ಸಿನಿಮಾದಲ್ಲಿ ಮ್ಯೂಸಿಯಂನ ಗಾಜಿನ ಪೆಟ್ಟಿಗೆ ಒಡೆದು, ಡೈರಿಯ ಶಾಯಿಯಿಂದ ಕಿಟಿಯೇ ಹುಡುಗಿಯಾಗಿ ಎದ್ದು ಬರುತ್ತಾಳೆ. ಇದು ಈಗಿನ ಕಾಲ ಎಂದು ಅವಳಿಗೆ ಗೊತ್ತಿಲ್ಲ. ಆನ್ ಎಲ್ಲಿ ಎಂದು ಊರೆಲ್ಲ ಹುಡುಕುತ್ತಾಳೆ. ಆನ್ ಹೆಸರು ಊರಿನ ತುಂಬ ಇದೆ, ಆದರೆ ಅದೇ ಊರಿನಲ್ಲಿ ಯುದ್ಧದಿಂದ ಓಡಿಬಂದ ನಿರಾಶ್ರಿತ ಮಕ್ಕಳಿಗೆ ಜಾಗವಿಲ್ಲ. ಕಿಟಿ ಅವರ ಪರವಾಗಿ ನಿಲ್ಲುತ್ತಾಳೆ.

ಶಿಬಿರಗಳನ್ನು ಈ ಸಿನಿಮಾ ನೇರವಾಗಿ ತೋರಿಸುವುದಿಲ್ಲ. ಆನ್ ಇಷ್ಟಪಟ್ಟ ಗ್ರೀಕ್ ಪುರಾಣದ ಪಾತಾಳಲೋಕದಂತೆ ಬಿಡಿಸಿದ್ದಾರೆ. ಚಿಕ್ಕ ಮಕ್ಕಳು ಹೆದರದೆ ನೋಡಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ ನಿಜವಾಗಿ ಏನಾಯಿತು ಎಂಬ ನಾನಿಯ ಪ್ರಶ್ನೆಗೆ ನನ್ನ ಬಳಿ ಉತ್ತರ ಇಲ್ಲದೆ ಹೋದದ್ದೂ ಇದೇ ಕಾರಣಕ್ಕೆ. ಪಾತಾಳಕ್ಕೆ ದಿನಾಂಕ ಇರುವುದಿಲ್ಲ. ಬೆಲ್ಸನ್‌ಗೆ ಇದೆ, ರೈಲಿಗೆ ಇದೆ, ರೈಲು ಕಳಿಸಿದವರಿಗೆ ಹೆಸರೂ ಇದೆ. ಸಿನಿಮಾ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ನಾನಿ ಪ್ರಶ್ನೆ ಕೇಳುತ್ತಲೂ ಇರಲಿಲ್ಲ, ನಾನು ಡೈರಿ ಓದುತ್ತಲೂ ಇರಲಿಲ್ಲ. ಆದರೆ ಅದು ಬೇರೆಯವರು ರೋಜುನಾಮೆ ನೋಡಿ ಬರೆದ ಖಾತೆ. ಅಷ್ಟಕ್ಕೇ ನಿಂತರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಇದೇ ರೀತಿ ಬರೆದಿಟ್ಟ ಇನ್ನೊಬ್ಬ ಹುಡುಗ ಪ್ರಾಗ್ ನಗರದ ಪೀಟರ್ ಗಿನ್ಸ್. 1941 ಮತ್ತು 42ರಲ್ಲಿ ಡೈರಿ ಬರೆದ. ಹದಿನಾಲ್ಕನೇ ವಯಸ್ಸಿನಲ್ಲಿ ಅವನನ್ನು ಟೆರೆಜಿನ್ ಎಂಬ ಸೆರೆಯೂರಿಗೆ ಒಯ್ದರು. ಅಲ್ಲಿ ಹುಡುಗರೆಲ್ಲ ಸೇರಿ ವೇದೆಮ್ ಎಂಬ ವಾರಪತ್ರಿಕೆ ಮಾಡಿದರು, ಪೀಟರ್ ಸಂಪಾದಕ. ಒಂದೇ ಪ್ರತಿ, ಶುಕ್ರವಾರ ಸಂಜೆ ಗಟ್ಟಿಯಾಗಿ ಓದುತ್ತಿದ್ದರು. ನಮ್ಮ ಈ ಪತ್ರಿಕೆಗೆ ಲೇಖನ ಕೊಡಲು ನಾವು ಎಷ್ಟು ಸತಾಯಿಸುತ್ತೇವೆ ಎಂದು ನೆನೆದರೆ ತಲೆ ತಗ್ಗುತ್ತದೆ. 1944ರಲ್ಲಿ ಹದಿನಾರರ ಪೀಟರ್‌ನನ್ನು ಔಶ್ವಿಟ್ಸ್‌ನಲ್ಲಿ ಕೊಂದರು. ಚಂದ್ರನ ಮೇಲಿಂದ ಭೂಮಿ ಹೇಗೆ ಕಾಣಬಹುದೆಂದು ಅವನು ಬಿಡಿಸಿದ ಚಿತ್ರದ ಒಂದು ಪ್ರತಿಯನ್ನು 2003ರಲ್ಲಿ ಗಗನಯಾತ್ರಿ ಇಲಾನ್ ರಮೋನ್ ಕೊಲಂಬಿಯಾ ನೌಕೆಯಲ್ಲಿ ಕೊಂಡೊಯ್ದರು. ನಮ್ಮ ಕಲ್ಪನಾ ಚಾವ್ಲಾ ಇದ್ದದ್ದು ಅದೇ ನೌಕೆಯಲ್ಲಿ. ಫೆಬ್ರವರಿ 1ರಂದು ಅದು ಒಡೆದು ಎಲ್ಲರೂ ಸತ್ತರು. ಅದು ಪೀಟರ್ ಹುಟ್ಟಿದ ದಿನ. ಆ ಚಿತ್ರದ ಸುದ್ದಿ ಹರಡಿದ ಮೇಲೆಯೇ ಪ್ರಾಗ್‌ನ ಹಳೆಯ ಮನೆಯೊಂದರಲ್ಲಿ ಸಿಕ್ಕಿದ್ದ ಅವನ ಡೈರಿ ಬೆಳಕಿಗೆ ಬಂತು. 2012ರಲ್ಲಿ ಅವನ ಬಗ್ಗೆ ಬಂದ ಸಾಕ್ಷ್ಯಚಿತ್ರದಲ್ಲಿ ಅವನ ಚಿತ್ರಗಳಿಗೆ ಆನಿಮೇಷನ್‌ನಿಂದ ಜೀವ ಕೊಟ್ಟಿದ್ದಾರೆ.

ನಮ್ಮ ಕೋಟೆಯ ಮಾತು

ದುರ್ಗದ ಕೋಟೆಗೆ ಹೋದ ನಾವೆಲ್ಲ ಓಬವ್ವನ ಕಿಂಡಿ ನೋಡಿದ್ದೇವೆ. ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬರುವಾಗ ಕಾವಲುಗಾರನ ಹೆಂಡತಿ ಒನಕೆ ಹಿಡಿದು ನಿಂತ ಕಥೆ ಇಲ್ಲಿಯ ಪ್ರತಿ ಮಗುವಿಗೂ ಗೊತ್ತು. ಕಿಂಡಿಯ ಎದುರು ನಿಂತಾಗ ನನ್ನ ಕಣ್ಣಿಗೆ ಬರುವ ಓಬವ್ವ ಯಾರು? 1972ರ ನಾಗರಹಾವು ಸಿನಿಮಾದ ಜಯಂತಿ. ಪುಟ್ಟಣ್ಣ ಕಣಗಾಲ್ ಅವರು ತೋರಿಸಿದ ಹಾಗೆಯೇ ನಮ್ಮ ಮನಸ್ಸಿನಲ್ಲಿ ಓಬವ್ವ ನಿಂತಿದ್ದಾಳೆ. ಓಬವ್ವ ತಾನೇ ಬರೆದ ಒಂದು ಸಾಲೂ ನಮ್ಮಲ್ಲಿಲ್ಲ. ಅವಳಿಗೆ ಆ ಹೊತ್ತು ಹೆದರಿಕೆಯಾಯಿತೇ, ಗಂಡನನ್ನು ಊಟದಿಂದ ಎಬ್ಬಿಸಲೇ ಬೇಡವೇ ಎಂದು ಯೋಚಿಸಿದಳೇ, ನಾವು ಯಾರನ್ನೂ ಕೇಳುವಂತಿಲ್ಲ. ಬೇರೆಯವರು ಹೇಳಿದ್ದೇ ನಮಗೆ ಓಬವ್ವ.

ಆನ್‌ಳ ವಿಷಯ ಹಾಗಲ್ಲ. ಅವಳ ಬಗ್ಗೆ ಎಷ್ಟು ಸಿನಿಮಾ ಬಂದರೂ, ಯಾರು ಅವಳನ್ನು ದೇವತೆ ಮಾಡಿದರೂ, ಯಾರು ಸುಳ್ಳು ಎಂದು ವಾದಿಸಿದರೂ, ತೆರೆದು ನೋಡಲು ಅವಳದೇ ಕೈಬರಹ ಇದೆ. ಅವಳನ್ನು ಕೊಂದವರು ಅವಳ ಹೆಸರನ್ನು ಒಂದು ಪಟ್ಟಿಯ ಸಾಲಾಗಿ ಬರೆದಿದ್ದರು. ಅವಳು ತನ್ನ ಲೆಕ್ಕವನ್ನು ತಾನೇ ಬರೆದಿಟ್ಟದ್ದರಿಂದ ಪಟ್ಟಿಯ ಸಾಲಾಗಿ ಉಳಿಯಲಿಲ್ಲ. ಗಾಜಾ, ಸುಡಾನ್, ಉಕ್ರೇನ್ ಹೀಗೆ ಯುದ್ಧ ಕಂಡ ಊರುಗಳ ಮಕ್ಕಳ ಲೆಕ್ಕವೂ ನಮಗೆ ತಲುಪುವುದು ಬರಿಯ ಸಂಖ್ಯೆಯಾಗಿ. ಅವರಲ್ಲೂ ಬರೆಯುವ ಮಕ್ಕಳಿರುತ್ತಾರೆ. ಅವರ ಹಾಳೆಗಳನ್ನು ಆರಿಸಿ ಡ್ರಾಯರ್‌ನಲ್ಲಿ ಇಡುವ ಮೀಪ್ ಒಬ್ಬಳು ಅಲ್ಲಿಯೂ ಇರಲಿ ಎಂಬುದು ನನ್ನ ದುಆ.

ಇದನ್ನೆಲ್ಲ ಹೇಳಿ ಮುಗಿಸಿದಾಗ ನಾನಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ ಅಕ್ಕತಂಗಿ ಜೊತೆಗಿದ್ದರಲ್ಲ ಎಂದರು. ಆಮೇಲೆ, ಕೇಳದೆಯೇ, ತಮ್ಮ ಮದುವೆಗೆ ಮುಂಚೆ ಹೊಳಲ್ಕೆರೆಯಲ್ಲಿ ಕಳೆದ ದಿನಗಳ ಬಗ್ಗೆ ಮಾತು ತೆಗೆದರು. ನಾನಿಗೆ ಓದು ಬರಹ ಬಾರದು. ಅಂಗಡಿಯಲ್ಲಿ ಅರ್ಧ ಖಾಲಿ ಬಿದ್ದಿದ್ದ ಕಳೆದ ವರ್ಷದ ಉದ್ರಿ ಪುಸ್ತಕವನ್ನು ಅಬ್ಬಾರನ್ನು ಕೇಳಿ ತಂದುಕೊಂಡೆ. ದಿನಾಂಕ ಹಾಕಿ ಬರೆಯಲು ಶುರು ಮಾಡಿದ್ದೇನೆ. ನಾನಿ ಹೇಳಿದ್ದು ಒಂದು ಕಡೆ, ನನ್ನದು ಇನ್ನೊಂದು ಕಡೆ. ಇವತ್ತಿಗೆ ಹನ್ನೊಂದು ಪುಟ ಆಗಿದೆ.